ವಾಡಿಕೆ ಮಳೆಯ ಲೆಕ್ಕ ತಪ್ಪಿದ ಕಾಲ

ಕಾವೇರಿ ಕರ್ನಾಟಕದ ಗಡಿ ದಾಟುವಲ್ಲಿ, ಬಿಳಿಗುಂಡ್ಲುವಿನಲ್ಲಿ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರವಿದೆ. ಎರಡು ರಾಜ್ಯಗಳ ವಾದ ವಿವಾದ, ಬಂದ್, ಮುಷ್ಕರ ಎಲ್ಲವೂ ಅಲ್ಲಿ ದಾಖಲಾಗುವ ಅಂಕಿಯ ಸುತ್ತಲೇ ನಡೆಯುತ್ತವೆ. ಸುಪ್ರೀಂ ಕೋರ್ಟ್ 2018ರ ಫೆಬ್ರುವರಿ 16ರಂದು ಕೊಟ್ಟ ತೀರ್ಪಿನ ಪ್ರಕಾರ, ವಾಡಿಕೆ ಮಳೆಯಾದ ವರ್ಷದಲ್ಲಿ ಈ ಕೇಂದ್ರವನ್ನು ದಾಟಿ 177.25 ಟಿಎಂಸಿ ಅಡಿ ನೀರು ತಮಿಳುನಾಡಿಗೆ ಹರಿಯಬೇಕು. 2022–23ರ ಜಲವರ್ಷದಲ್ಲಿ ಹರಿದದ್ದು ಆರು ನೂರು ಟಿಎಂಸಿಗೂ ಹೆಚ್ಚು. ಮರುವರ್ಷ ನೂರನ್ನೂ ಮುಟ್ಟಲಿಲ್ಲ. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ ವರ್ಷಕ್ಕೆ ಮುನ್ನೂರಕ್ಕೂ ಹೆಚ್ಚು ಟಿಎಂಸಿ ಬರುತ್ತದೆ. ಕಾಗದದ ಮೇಲೆ ಯಾರಿಗೂ ಕೊರತೆಯಿಲ್ಲ.

ಆ ಎರಡು ವರ್ಷಗಳನ್ನು ಬದುಕಿದವರ ಅನುಭವವೇ ಬೇರೆ. 2022ರಲ್ಲಿ ಕೆಆರ್‌ಎಸ್ ತುಂಬಿ ತುಳುಕಿತು. ಆ ಅಣೆಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ, ಸಾಮರ್ಥ್ಯ 49.45 ಟಿಎಂಸಿ. ಅದರ ಮೇಲೆ ಬಂದ ನೀರನ್ನು ಗೇಟು ತೆಗೆದು ಬಿಡದೆ ವಿಧಿಯಿಲ್ಲ. ಬೆಂಗಳೂರು ತನ್ನ ದಾಖಲೆಯಲ್ಲೇ ಅತಿ ಹೆಚ್ಚು ಮಳೆ ಕಂಡಿದ್ದು ಅದೇ ವರ್ಷ. ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆಯ ಆಸುಪಾಸಿನ ಬಡಾವಣೆಗಳಿಂದ ಜನರನ್ನು ಟ್ರ್ಯಾಕ್ಟರ್, ದೋಣಿಗಳಲ್ಲಿ ಕರೆತರಬೇಕಾಯಿತು. ಮುಂದಿನ ವರ್ಷದ ಆಗಸ್ಟ್ ತಿಂಗಳು 1901ರಿಂದ ಈಚೆಗೆ ದೇಶ ಕಂಡ ಅತ್ಯಂತ ಒಣ ಆಗಸ್ಟ್ ಆಯಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರ ಘೋಷಿಸಿತು. ಸೆಪ್ಟೆಂಬರ್ 26ರಂದು ಬೆಂಗಳೂರು ಬಂದ್, 29ರಂದು ಕರ್ನಾಟಕ ಬಂದ್. ಅತ್ತ ಕಾವೇರಿ ಮುಖಜ ಭೂಮಿಯಲ್ಲಿ, ಮೆಟ್ಟೂರು ಜಲಾಶಯದ ನೀರು ನಂಬಿ ಕುರುವೈ ಭತ್ತ ನಾಟಿ ಮಾಡಿದ್ದ ರೈತರ ಪೈರು ಕಣ್ಣೆದುರೇ ಒಣಗಿತು. 2024ರ ಮಾರ್ಚ್‌ ಹೊತ್ತಿಗೆ ಬೆಂಗಳೂರಿನ ಸುಮಾರು 14 ಸಾವಿರ ಸರ್ಕಾರಿ ಕೊಳವೆಬಾವಿಗಳಲ್ಲಿ ಅರ್ಧದಷ್ಟು ಬತ್ತಿಹೋಗಿದ್ದವು.

ಹವಾಮಾನ ಬದಲಾವಣೆಯ ಬಗ್ಗೆ ಮಾತನಾಡುವಾಗ ನಾವು ಮಳೆ ಹೆಚ್ಚಾಗುತ್ತದೆಯೋ, ಕಡಿಮೆಯಾಗುತ್ತದೆಯೋ ಎಂದು ಕೇಳುತ್ತೇವೆ. ಈ ಪ್ರಶ್ನೆಯೇ ನಮ್ಮನ್ನು ದಾರಿ ತಪ್ಪಿಸುತ್ತಿದೆ ಎಂದು ನನಗನ್ನಿಸುತ್ತದೆ. ವರ್ಷದ ಒಟ್ಟು ಮಳೆಯಲ್ಲಿ ಆಗುತ್ತಿರುವ ಬದಲಾವಣೆಗಿಂತ ಅದು ಬೀಳುವ ಕ್ರಮದಲ್ಲಿ ಆಗುತ್ತಿರುವ ಬದಲಾವಣೆ ದೊಡ್ಡದು. ನಮ್ಮ ಅಣೆಕಟ್ಟೆ, ನದಿ ತೀರ್ಪು, ಬಿತ್ತನೆಯ ಪಂಚಾಂಗ, ಬೆಳೆ ವಿಮೆ ಎಲ್ಲವೂ ಈಗಲೂ ವಾಡಿಕೆಯ ಲೆಕ್ಕದಲ್ಲೇ ಮಾತನಾಡುತ್ತಿವೆ.

ಗಾಳಿಯ ದಾಹ

ಇದರ ಹಿಂದಿರುವ ಭೌತವಿಜ್ಞಾನ ಸರಳವಾದದ್ದು. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ, ಅದು ಹಿಡಿದಿಟ್ಟುಕೊಳ್ಳಬಲ್ಲ ನೀರಾವಿ ಸುಮಾರು ಶೇ 7ರಷ್ಟು ಹೆಚ್ಚುತ್ತದೆ. ಕ್ಲಾಸಿಯಸ್ ಮತ್ತು ಕ್ಲಾಪೆರಾನ್ ಎಂಬ ಇಬ್ಬರು ವಿಜ್ಞಾನಿಗಳ ಹೆಸರಿನಲ್ಲಿರುವ, ಹತ್ತೊಂಬತ್ತನೇ ಶತಮಾನದ ನಿಯಮ ಇದು. ಮೋಡ ಕಟ್ಟಿ ಸುರಿಯುವ ಸಂದರ್ಭ ಒದಗಿದಾಗ ಆ ಹೆಚ್ಚುವರಿ ನೀರಾವಿಯೂ ಸೇರಿ ಒಮ್ಮೆಗೇ ಇಳಿಯುತ್ತದೆ. ಹಾಗಾಗಿ ಅತಿ ಜೋರು ಮಳೆಯ ಪ್ರಮಾಣವೂ ಒಂದು ಡಿಗ್ರಿಗೆ ಸುಮಾರು ಶೇ 7ರಂತೆ ಏರುತ್ತದೆ. ಆದರೆ ಇಡೀ ಭೂಮಿಯ ಮೇಲೆ ವರ್ಷಕ್ಕೆ ಬೀಳುವ ಒಟ್ಟು ಮಳೆ ಒಂದು ಡಿಗ್ರಿಗೆ ಹೆಚ್ಚುವುದು ಶೇ 1ರಿಂದ 3ರಷ್ಟು ಮಾತ್ರ ಎಂದು ವಿಶ್ವಸಂಸ್ಥೆಯ ಹವಾಮಾನ ಸಮಿತಿಯ ಆರನೇ ವರದಿ ಹೇಳುತ್ತದೆ. ಒಟ್ಟು ಗಳಿಕೆ ಅಷ್ಟೇ ಏರಿ, ದೊಡ್ಡ ಮಳೆಯ ಪಾಲು ಮಾತ್ರ ದುಪ್ಪಟ್ಟಿಗೂ ಹೆಚ್ಚು ವೇಗದಲ್ಲಿ ಏರಿದರೆ ಕಡಿಮೆಯಾಗುವುದು ಯಾವುದು? ರೈತ ಕಾಯುವ ಹದ ಮಳೆ, ಮಣ್ಣಿನೊಳಗೆ ನಿಧಾನವಾಗಿ ಇಳಿಯುವ ಸೋನೆ ಮಳೆ. ನಡುವೆ ಮಳೆಯಿಲ್ಲದ ದಿನಗಳ ಸಾಲು ಉದ್ದವಾಗುತ್ತದೆ.

ಆ ಒಣ ದಿನಗಳಲ್ಲಿ ಬಿಸಿಗಾಳಿ ಇನ್ನೊಂದು ಕೆಲಸ ಮಾಡುತ್ತದೆ. ಸುಡುಬಿಸಿಲಲ್ಲಿ ಹರವಿದ ಒದ್ದೆ ಪಂಚೆಯಂತೆ ಹೊಲದ ಮಣ್ಣು ಬೇಗ ಒಣಗುತ್ತದೆ. ಕೆರೆ, ಜಲಾಶಯಗಳಿಂದ ಆವಿಯಾಗುವ ನೀರೂ ಹೆಚ್ಚುತ್ತದೆ. ಹಿಂದೆ ಎರಡು ಮಳೆಗಳ ನಡುವೆ ಹದಿನೈದು ದಿನ ತಡೆದುಕೊಳ್ಳುತ್ತಿದ್ದ ಪೈರು ಈಗ ಅಷ್ಟು ತಡೆಯುವುದಿಲ್ಲ. ಒಂದೇ ಕಾರಣ ಪ್ರವಾಹವನ್ನೂ ಬರವನ್ನೂ ತರುತ್ತದೆ ಎಂದರೆ ನಂಬಲು ಕಷ್ಟ. ಆದರೆ ನೀರಾವಿಯ ಈ ಲೆಕ್ಕ ತಿಳಿದ ಮೇಲೆ ಅದರಲ್ಲಿ ಆಶ್ಚರ್ಯಪಡುವಂಥದ್ದೇನೂ ಉಳಿಯುವುದಿಲ್ಲ.

ಭಾರತದ ದಾಖಲೆಗಳೂ ಇದನ್ನೇ ತೋರಿಸುತ್ತಿವೆ. ಕೇಂದ್ರ ಭೂವಿಜ್ಞಾನ ಸಚಿವಾಲಯ 2020ರಲ್ಲಿ ದೇಶದ ಹವಾಮಾನ ಬದಲಾವಣೆಯ ಬಗ್ಗೆ ಒಂದು ಸಮಗ್ರ ವರದಿ ತಂದಿತು. 1901ರಿಂದ 2018ರ ನಡುವೆ ದೇಶದ ಸರಾಸರಿ ತಾಪಮಾನ ಸುಮಾರು 0.7 ಡಿಗ್ರಿ ಏರಿದೆ. 1951ರಿಂದ 2015ರ ಅವಧಿಯಲ್ಲಿ ಮುಂಗಾರು ಮಳೆ ಸುಮಾರು ಶೇ 6ರಷ್ಟು ಇಳಿದಿದೆ. ಈ ಇಳಿಕೆ ಎದ್ದು ಕಾಣುವುದು ಗಂಗಾ ಬಯಲಿನಲ್ಲಿ ಮತ್ತು ನಮ್ಮ ಪಶ್ಚಿಮಘಟ್ಟದಲ್ಲಿ. 1950ರಿಂದ 2015ರ ನಡುವೆ ಮಧ್ಯಭಾರತದಲ್ಲಿ ದಿನಕ್ಕೆ 150 ಮಿಲಿಮೀಟರ್ ಮೀರಿ ಸುರಿಯುವ ಮಳೆಯ ಸಂದರ್ಭಗಳು ಸುಮಾರು ಶೇ 75ರಷ್ಟು ಹೆಚ್ಚಿವೆ. 1951–80ಕ್ಕೆ ಹೋಲಿಸಿದರೆ 1981–2011ರಲ್ಲಿ ಮುಂಗಾರಿನ ನಡುವಿನ ಒಣ ಅವಧಿಗಳು ಶೇ 27ರಷ್ಟು ಹೆಚ್ಚು ಸಲ ಬಂದಿವೆ.

ಮುಂಗಾರು ಇಳಿದದ್ದಕ್ಕೆ ಬಿಸಿಯೇರಿಕೆ ಮಾತ್ರ ಕಾರಣವಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಉತ್ತರ ಭಾರತದ ಆಕಾಶದಲ್ಲಿ ತುಂಬಿರುವ ಹೊಗೆ, ಕಣಗಳು ಸೂರ್ಯನ ಶಾಖವನ್ನು ತಡೆದು ನೆಲವನ್ನು ತಂಪಾಗಿಸುತ್ತವೆ. ನೆಲ ಮತ್ತು ಕಡಲಿನ ನಡುವಿನ ತಾಪದ ಅಂತರವೇ ಮುಂಗಾರನ್ನು ಎಳೆದು ತರುವ ಶಕ್ತಿಯಾದ್ದರಿಂದ ಮಾರುತ ದುರ್ಬಲವಾಗುತ್ತದೆ. ಊರಿನ ಗಾಳಿ ಶುದ್ಧವಾಗುತ್ತ ಹೋದಂತೆ ಈ ತಡೆಯೂ ಸಡಿಲವಾಗುತ್ತದೆ. ಮುಂದಿನ ದಶಕಗಳಲ್ಲಿ ಮುಂಗಾರು ಒಟ್ಟಾರೆ ಜೋರಾಗಬಹುದು ಎಂದು ವಿಜ್ಞಾನಿಗಳು ಹೇಳುತ್ತಿರುವುದರ ಹಿಂದೆ ಈ ಕಾರಣವೂ ಇದೆ.

ಪಡುವಣ ಕಡಲು

ಕರ್ನಾಟಕಕ್ಕೆ ಮುಂಗಾರು ಬರುವ ದಾರಿ ಅರಬ್ಬೀ ಸಮುದ್ರ. ಆಫ್ರಿಕಾದ ಪೂರ್ವ ತೀರದಿಂದ ಹೊರಟ ಗಾಳಿ ಸೊಮಾಲಿಯಾದ ಬಳಿ ತಿರುಗಿ, ಕಡಲ ಮೇಲಿನ ನೀರಾವಿಯನ್ನೆಲ್ಲ ಹೊತ್ತು ಬಂದು ಘಟ್ಟದ ಗೋಡೆಗೆ ಬಡಿಯುತ್ತದೆ. ಮೇಲೇರಿದ ಗಾಳಿ ತಣ್ಣಗಾಗಿ ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್‌ಗೂ ಹೆಚ್ಚು ಮಳೆಯಾಗಿ ಇಳಿಯುತ್ತದೆ. ಘಟ್ಟ ದಾಟಿ ಚಳ್ಳಕೆರೆಗೆ ಹೋಗುವಷ್ಟರಲ್ಲಿ ಅದರಲ್ಲಿ ಐನೂರು ಮಿಲಿಮೀಟರ್‌ಗೆ ಸಾಲುವಷ್ಟೂ ಉಳಿದಿರುವುದು ಅನುಮಾನ. ಒಂದೇ ರಾಜ್ಯದೊಳಗೆ ಇಷ್ಟು ಅಂತರ ಇರುವಾಗ, ಗಾಳಿಯ ದಿಕ್ಕಿನಲ್ಲಾಗಲಿ ಕಡಲ ಬಿಸಿಯಲ್ಲಾಗಲಿ ಆಗುವ ಸಣ್ಣ ವ್ಯತ್ಯಾಸವೂ ನೆಲದ ಮೇಲೆ ದೊಡ್ಡದಾಗಿ ಕಾಣುತ್ತದೆ.

ಈ ಕಡಲು ಹಿಂದೆ ಬಂಗಾಳ ಕೊಲ್ಲಿಗಿಂತ ತಂಪಾಗಿತ್ತು. ಚಂಡಮಾರುತಗಳೂ ಇಲ್ಲಿ ಅಪರೂಪ. ಈಗ ಹಾಗಿಲ್ಲ. ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಮುಂಗಾರಿನ ತಿಂಗಳುಗಳಲ್ಲಿ 1901ರಿಂದ 2012ರ ನಡುವೆ ಸುಮಾರು 1.2 ಡಿಗ್ರಿ ಬಿಸಿಯಾಗಿದೆ ಎಂದು ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಜೊತೆಗಾರರು ತೋರಿಸಿಕೊಟ್ಟರು. ಅವರದೇ 2017ರ ಇನ್ನೊಂದು ಅಧ್ಯಯನದಂತೆ, ಮಧ್ಯಭಾರತದಲ್ಲಿ ವಿಸ್ತಾರವಾದ ಪ್ರದೇಶದ ಮೇಲೆ ಒಮ್ಮೆಗೇ ಎರಗುವ ಅತಿವೃಷ್ಟಿ 1950ರಿಂದ 2015ರೊಳಗೆ ಮೂರು ಪಟ್ಟಾಗಿದೆ. ಆ ಮಳೆಗೆ ಬೇಕಾದ ನೀರಾವಿಯ ದೊಡ್ಡ ಪಾಲು ಹೋಗುವುದು ಇದೇ ಅರಬ್ಬೀ ಸಮುದ್ರದಿಂದ.

ಚಂಡಮಾರುತಗಳ ಕಥೆ ಕರಾವಳಿಯವರಿಗೆ ಗೊತ್ತಿದೆ. 2019ರಲ್ಲಿ ಕ್ಯಾರ್ ಮತ್ತು ಮಹಾ, 2020ರಲ್ಲಿ ನಿಸರ್ಗ, 2021ರ ಮೇ ತಿಂಗಳಲ್ಲಿ ತೌತೆ. ತೌತೆ ನಮ್ಮ ದಡಕ್ಕೆ ಅಪ್ಪಳಿಸದೆ ದೂರದಲ್ಲೇ ಸಾಗಿದರೂ ದಕ್ಷಿಣ ಕನ್ನಡದಿಂದ ಉತ್ತರ ಕನ್ನಡದವರೆಗೆ ಮನೆ, ತೆಂಗು, ರಸ್ತೆಗಳನ್ನು ಕಡಲು ನುಂಗಿತು. ಅಷ್ಟಾಗಿ ಗಮನಕ್ಕೆ ಬಾರದೆ ಹೋದದ್ದು 2023ರ ಜೂನ್‌ನ ಬಿಪರ್‌ಜಾಯ್. ಅದು ಹಾನಿ ಮಾಡಿದ್ದು ಗುಜರಾತಿನಲ್ಲಿ. ಆದರೆ ಮುಂಗಾರು ಕೇರಳಕ್ಕೆ ಕಾಲಿಡುವ ಹೊತ್ತಿನಲ್ಲೇ ಅದು ಕಡಲ ಮಧ್ಯೆ ಕುಳಿತು ತೇವವನ್ನೆಲ್ಲ ತನ್ನತ್ತ ಸೆಳೆದುಕೊಂಡಿತು. ಮಳೆ ಕೇರಳಕ್ಕೆ ಬಂದದ್ದು ಜೂನ್ 8ಕ್ಕೆ. ಬಂದ ಮೇಲೂ ಮುಂದಕ್ಕೆ ಹೆಜ್ಜೆ ಹಾಕಲು ತಡವರಿಸಿತು. ‘ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ’ ಎನ್ನುವ ನಾಡಿನಲ್ಲಿ ಆ ವರ್ಷ ರೋಹಿಣಿ, ಮೃಗಶಿರಾ ಎರಡೂ ಒಣಗಿಯೇ ಕಳೆದವು. ಗದಗ, ಧಾರವಾಡದ ಎರೆಹೊಲಗಳಲ್ಲಿ ಜೂನ್ ತಿಂಗಳಲ್ಲೇ ನೆಲಕ್ಕೆ ಬೀಳಬೇಕಾದ ಹೆಸರು ಕಾಳಿಗೆ ಹಂಗಾಮು ತಪ್ಪಿತು. ನೂರಾರು ಕಿಲೋಮೀಟರ್ ದೂರದ ಚಂಡಮಾರುತ ಬಯಲುಸೀಮೆಯ ಬಿತ್ತನೆಯನ್ನು ನಿಲ್ಲಿಸಬಲ್ಲದು ಎಂಬುದು ನಮ್ಮ ಹೊಸ ಅನುಭವ. ಆ ವರ್ಷ ಎಲ್ ನಿನೊ ಕೂಡ ಇತ್ತು, ಆಗಸ್ಟ್‌ನ ಬರದಲ್ಲಿ ಅದರ ಪಾಲು ದೊಡ್ಡದು. ಎಲ್ ನಿನೊ ಹೊಸದಲ್ಲ. ಅದು ಬಂದಾಗ ನೆಲ ಈಗಾಗಲೇ ಬಿಸಿಯಾಗಿರುವುದು ಹೊಸದು.

ಕರಾವಳಿಯ ಮೋಡಗಳ ಸ್ವಭಾವವೇ ಬದಲಾಗುತ್ತಿದೆ ಎಂದು ಕೊಚ್ಚಿ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದ ಸಂಶೋಧಕರು ಗುರುತಿಸಿದ್ದಾರೆ. ನಾವು ಕಂಡುಂಡ ಮುಂಗಾರಿನ ಮೋಡ ಹೆಚ್ಚು ಎತ್ತರಕ್ಕೆ ಬೆಳೆಯುವಂಥದ್ದಲ್ಲ. ಅದು ದಿನಗಟ್ಟಲೆ ಒಂದೇ ಹದದಲ್ಲಿ ಸುರಿಯುತ್ತಿತ್ತು. ಈಗ ಕಡಲು ಬಿಸಿಯಾಗಿ, ಬೇಸಿಗೆಯ ಗುಡುಗು ಮೋಡಗಳಂತೆ ಎತ್ತರಕ್ಕೆ ಬೆಳೆದು ಮಂಜುಗಡ್ಡೆ ಕಟ್ಟುವ ಮೋಡಗಳು ಜುಲೈ, ಆಗಸ್ಟ್‌ನಲ್ಲೂ ಹುಟ್ಟುತ್ತಿವೆ. ಇವು ಎರಡು ಮೂರು ಗಂಟೆಗಳಲ್ಲಿ ಇಡೀ ಹೊರೆಯನ್ನು ಒಂದೇ ಕಣಿವೆಗೆ ಸುರಿದು ಹೋಗಬಲ್ಲವು.

ಕೊಡಗಿನ ಗುಡ್ಡ, ಕೊಡಗಿನ ಗದ್ದೆ

ಆ ಸುರಿತ ಎಲ್ಲಿಗೆ ಬೀಳುತ್ತದೆ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ಕೊಡಗಿನಲ್ಲಿ 2018ರ ಜೂನ್‌ನಿಂದಲೇ ಮಳೆ ಹಿಡಿದಿತ್ತು. ಮಣ್ಣು ಕುಡಿಯುವಷ್ಟೂ ಕುಡಿದಾಗಿತ್ತು. ಆಶ್ಲೇಷ ಕಳೆದು ಮಘೆ ಹೊಗುವ ಹೊತ್ತಿಗೆ, ಆಗಸ್ಟ್ 16–17ರ ಸುಮಾರಿಗೆ, ಮಡಿಕೇರಿ ಸುತ್ತಿನ ಮಕ್ಕಂದೂರು, ಮುಕ್ಕೋಡ್ಲು, ಹೆಬ್ಬೆಟ್ಟಗೇರಿ, ಉದಯಗಿರಿ, ಜೋಡುಪಾಲದಲ್ಲಿ ಗುಡ್ಡಗಳು ತೋಟ, ಮನೆ, ರಸ್ತೆ ಸಮೇತ ಕೆಳಗಿಳಿದವು. 2019ರ ಆಗಸ್ಟ್‌ನಲ್ಲಿ ವಿರಾಜಪೇಟೆ ತಾಲ್ಲೂಕಿನ ತೋರ. 2020ರ ಆಗಸ್ಟ್‌ನಲ್ಲಿ ಕಾವೇರಿ ಹುಟ್ಟುವ ತಲಕಾವೇರಿಯ ಪಕ್ಕದ ಬೆಟ್ಟವೇ ಕುಸಿದು ಅರ್ಚಕರ ಮನೆಗಳನ್ನು ಮುಚ್ಚಿತು. ಮೂರು ವರ್ಷ, ಮೂರು ಆಗಸ್ಟ್.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ತಜ್ಞರು 2018ರ ಕುಸಿತಗಳನ್ನು ಪರಿಶೀಲಿಸಿ, ಅತಿಯಾದ ಮಳೆಯ ಜೊತೆಗೆ ಮನೆ, ರಸ್ತೆ, ಹೋಂಸ್ಟೇಗಳಿಗಾಗಿ ಇಳಿಜಾರನ್ನು ಲಂಬವಾಗಿ ಕಡಿದದ್ದನ್ನೂ ಕಾರಣವೆಂದು ಹೇಳಿದರು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಜಾರಿ ಜನರನ್ನೂ ವಾಹನಗಳನ್ನೂ ಗಂಗಾವಳಿಗೆ ತಳ್ಳಿತಲ್ಲ, ಅಲ್ಲೂ ಗುಡ್ಡ ಕಡಿದ ಗುರುತು ಎದುರಿಗೇ ಇತ್ತು. ಅದೇ ತಿಂಗಳ 30ರಂದು, ಕಬಿನಿ ಹುಟ್ಟುವ ವಯನಾಡ್ ಜಿಲ್ಲೆಯಲ್ಲಿ ಇನ್ನೂರೈವತ್ತಕ್ಕೂ ಹೆಚ್ಚು ಜನ ಒಂದೇ ರಾತ್ರಿಯಲ್ಲಿ ಮಣ್ಣುಪಾಲಾದರು. ಆ ದಿನದ ಮಳೆಯನ್ನು ಅಂತರರಾಷ್ಟ್ರೀಯ ವಿಜ್ಞಾನಿಗಳ ತಂಡವೊಂದು ವಿಶ್ಲೇಷಿಸಿ, ಮನುಷ್ಯರು ತಂದ ಬಿಸಿಯೇರಿಕೆಯಿಂದ ಅದು ಸುಮಾರು ಶೇ 10ರಷ್ಟು ಹೆಚ್ಚು ಜೋರಾಗಿತ್ತು ಎಂದು ಅಂದಾಜಿಸಿತು.

ಶೇ 10 ಎಂದರೆ ಇಷ್ಟೇಯೇ ಎಂದು ಕೆಲವರು ಕೇಳುತ್ತಾರೆ. ಇಳಿಜಾರಿನ ಮಣ್ಣಿಗೆ ಒಂದು ಮಿತಿಯಿದೆ. ಆ ಮಿತಿಯವರೆಗೆ ಗುಡ್ಡ ನಿಂತಿರುತ್ತದೆ, ದಾಟಿದರೆ ಜಾರುತ್ತದೆ. ನಡುವಿನ ಸ್ಥಿತಿ ಇಲ್ಲ. ಗುಡ್ಡದ ಬುಡ ಕಡಿದಾಗ ನಾವು ಆ ಮಿತಿಯನ್ನು ಕೆಳಗಿಳಿಸುತ್ತೇವೆ, ಬಿಸಿಯೇರಿಕೆ ಮಳೆಯನ್ನು ಮೇಲೇರಿಸುತ್ತದೆ. ಹವಾಮಾನ ಬದಲಾವಣೆಯನ್ನು ಬೊಟ್ಟು ಮಾಡಿ ಗುಡ್ಡ ಕಡಿದವರು ಕೈತೊಳೆದುಕೊಳ್ಳುವುದನ್ನು ಒಪ್ಪಲು ನನಗೆ ಸಾಧ್ಯವಿಲ್ಲ. ಇಡೀ ದೋಷವನ್ನು ಸ್ಥಳೀಯರ ತಲೆಗೆ ಕಟ್ಟಿ, ಇಂಗಾಲದ ಹೊಗೆಯುಗುಳಿದ ಜಗತ್ತು ಪಾರಾಗುವುದೂ ಅಷ್ಟೇ ಅನ್ಯಾಯ.

ಕುಸಿತದಷ್ಟು ಸುದ್ದಿಯಾಗದ ಬದಲಾವಣೆ ಕೊಡಗಿನ ಗದ್ದೆಗಳಲ್ಲಿ ನಡೆದಿದೆ. ಕಕ್ಕಡ ತಿಂಗಳಲ್ಲಿ ನಾಟಿ, ನಾಟಿ ಮುಗಿದ ಮೇಲೆ ಕೈಲ್‌ಪೊಳ್ದ್, ಕಾರ್ತಿಕ ಮಾರ್ಗಶಿರದಲ್ಲಿ ಪುತ್ತರಿಗೆ ಕದಿರು. ಈ ನಾಡಿನ ಹಬ್ಬಗಳೆಲ್ಲ ಭತ್ತದ ಕ್ಯಾಲೆಂಡರ್‌ನಲ್ಲೇ ಹುಟ್ಟಿದವು. ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ ಬದು ಕಟ್ಟಿದ ಗದ್ದೆ ಮೂರು ನಾಲ್ಕು ತಿಂಗಳು ಮೊಣಕಾಲುದ್ದ ನೀರನ್ನು ನಿಲ್ಲಿಸಿಕೊಳ್ಳುತ್ತಿತ್ತು. ಆ ನೀರು ಇಂಗಿ, ಡಿಸೆಂಬರ್ ಜನವರಿಯಲ್ಲೂ ತೋಡುಗಳಲ್ಲಿ ಜಿನುಗುತ್ತಿತ್ತು. ಆಳಿನ ಕೊರತೆ, ಆನೆ ಕಾಟ, ಭತ್ತಕ್ಕೆ ಸಿಗದ ಬೆಲೆ, ಈ ಮೂರೂ ಸೇರಿ ಎಷ್ಟೋ ಗದ್ದೆಗಳು ಪಾಳು ಬಿದ್ದಿವೆ. ಕೆಲವು ತೋಟವಾಗಿವೆ, ಕೆಲವು ಕಟ್ಟಡಗಳಾಗಿವೆ. ಮಳೆ ಸಮಾಧಾನವಾಗಿ ಬೀಳುತ್ತಿದ್ದ ಕಾಲದಲ್ಲಿ ಈ ನಷ್ಟವನ್ನು ಕಾಡೂ ಮಣ್ಣೂ ಒಂದಿಷ್ಟು ತುಂಬಿಕೊಡುತ್ತಿದ್ದವೇನೋ. ಒಂದು ವಾರದಲ್ಲಿ ತಿಂಗಳ ಮಳೆ ಸುರಿಯುವ ಕಾಲದಲ್ಲಿ ನೀರನ್ನು ತಡೆದು ನಿಲ್ಲಿಸುವ ಆ ತಗ್ಗು ಮೊದಲಿಗಿಂತ ಹೆಚ್ಚು ಬೇಕಾಗಿದೆ, ಅದೇ ಈಗ ಇಲ್ಲ. ಬೆಂಗಳೂರಿಗೆ ನೂರು ಕಿಲೋಮೀಟರ್ ದೂರದಿಂದ ಕಾವೇರಿ ಎತ್ತಿ ತರಲು ಐದನೇ ಹಂತದ ಯೋಜನೆ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು. ಆ ನೀರು ಹುಟ್ಟುವ ಕಡೆ ಗದ್ದೆಯನ್ನು ಗದ್ದೆಯಾಗಿ ಉಳಿಸಿಕೊಂಡವನಿಗೆ ನಗರದ ನೀರಿನ ಶುಲ್ಕದಲ್ಲಿ ಒಂದು ಸಣ್ಣ ಪಾಲಾದರೂ ಸಲ್ಲಬೇಕು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಕಾಫಿ, ಅಡಿಕೆ ಬೆಳೆಗಾರರ ಪಾಡು ಇನ್ನೊಂದು ಬಗೆಯದು. ಫೆಬ್ರುವರಿ ಮಾರ್ಚ್‌ನ ಹೂಮಳೆ ತಪ್ಪಿದರೆ ಕಾಫಿಗೆ ಸ್ಪ್ರಿಂಕ್ಲರ್ ಹಾಕಬೇಕು, ತೋಡಿನಲ್ಲಿ ನೀರಿದ್ದರೆ. 2021ರ ನವೆಂಬರ್‌ನಂತೆ ಕೊಯ್ಲಿನ ಹೊತ್ತಿಗೆ ಮಳೆ ಹಿಡಿದರೆ ಹಣ್ಣು ಒಡೆದು ಉದುರುತ್ತದೆ. ಕೊಯ್ದದ್ದು ಕಣದಲ್ಲಿ ಒಣಗದೆ ಬೂಸ್ಟು ಹಿಡಿಯುತ್ತದೆ. ಅಡಿಕೆಗೆ ಬೋರ್ಡೋ ಹೊಡೆಯಲು ಒಂದು ದಿನದ ಹೊಳವಾದರೂ ಬೇಕು. ಅದು ಸಿಗದ ವರ್ಷ ಕೊಳೆರೋಗಕ್ಕೆ ಫಸಲು ನೆಲಕ್ಕೆ.

ಬೇಡಿದ್ದೂ ಅದೇ ನೀರು, ಬೇಡವೆಂದದ್ದೂ ಅದೇ ನೀರು

ಕೃಷ್ಣಾ ಕೊಳ್ಳದಲ್ಲಿ 2019ರಲ್ಲಿ ನಡೆದದ್ದನ್ನು ಪಠ್ಯಪುಸ್ತಕಕ್ಕೆ ಸೇರಿಸಬೇಕು. ಆ ಬೇಸಿಗೆಯಲ್ಲಿ ಬೆಳಗಾವಿ, ಬಾಗಲಕೋಟೆ ಭಾಗದ ನದಿಪಾತ್ರ ಒಣಗಿ, ಕುಡಿಯಲಿಕ್ಕಾದರೂ ಕೊಯ್ನಾದಿಂದ ಒಂದಿಷ್ಟು ನೀರು ಬಿಡಿ ಎಂದು ಕರ್ನಾಟಕ ಮಹಾರಾಷ್ಟ್ರಕ್ಕೆ ಮನವಿ ಮಾಡಿಕೊಂಡಿತ್ತು. ಮೂರು ತಿಂಗಳೂ ಕಳೆಯಲಿಲ್ಲ. ಆಗಸ್ಟ್ ಮೊದಲ ವಾರದಲ್ಲಿ ಅದೇ ಕೊಯ್ನಾದ ಮೇಲಿನ ಘಟ್ಟದಲ್ಲಿ ಸುರಿದ ಮಳೆ ಕೃಷ್ಣೆಯಲ್ಲಿ ಹೊರಳಿಬಂತು. ಜೊತೆಗೆ ಮಲಪ್ರಭಾ, ಘಟಪ್ರಭಾ ಎರಡೂ ಉಕ್ಕಿದವು. ಸವದತ್ತಿಯ ನವಿಲುತೀರ್ಥ ಅಣೆಕಟ್ಟೆ ವರ್ಷಗಳಿಂದ ಸರಿಯಾಗಿ ತುಂಬದೆ, ಕೆಳಗಿನ ನದಿಪಾತ್ರ ಒತ್ತುವರಿಯಾಗಿ ಕಬ್ಬಿನ ಗದ್ದೆಯಾಗಿತ್ತು. ಅಣೆಕಟ್ಟೆಯಿಂದ ನೀರು ಬಿಟ್ಟಾಗ ಹೊಳೆ ತನ್ನ ಹಳೆಯ ಹಾದಿಯನ್ನೇ ಹಿಡಿಯಿತು, ಪಟ್ಟದಕಲ್ಲಿನ ದೇಗುಲಗಳ ಅಂಗಳಕ್ಕೂ ಬಂತು. ರಾಜ್ಯದ 103 ತಾಲ್ಲೂಕುಗಳು ಪ್ರವಾಹಪೀಡಿತ.

2025ನ್ನು ನೋಡಿ. ಮುಂಗಾರು ಕೇರಳಕ್ಕೆ ಮೇ 24ರಂದೇ ಬಂತು. ಆ ಮೇ ತಿಂಗಳು 1901ರಿಂದ ಈಚೆಗೆ ದೇಶದಲ್ಲಿ ಅತಿ ಹೆಚ್ಚು ಮಳೆ ಸುರಿದ ಮೇ. ಕೆಆರ್‌ಎಸ್ ತನ್ನ ಇತಿಹಾಸದಲ್ಲೇ ಮೊದಲ ಬಾರಿ ಜೂನ್ ತಿಂಗಳಲ್ಲಿ ಭರ್ತಿಯಾಗಿ, ಜೂನ್ 30ಕ್ಕೇ ಬಾಗಿನ ಅರ್ಪಣೆಯಾಯಿತು. ಸಂತೋಷದ ಸುದ್ದಿಯೇ. ಆದರೆ ಸೆಪ್ಟೆಂಬರ್ ಕೊನೆಯಲ್ಲಿ ಮಹಾರಾಷ್ಟ್ರದ ಉಜನಿ ಮುಂತಾದ ಜಲಾಶಯಗಳಿಂದ ಬಿಟ್ಟ ನೀರಿಗೆ ಭೀಮೆ ದಡ ಮೀರಿ, ಕಲಬುರಗಿ, ಯಾದಗಿರಿ, ವಿಜಯಪುರದ ಊರುಗಳಿಗೆ ನುಗ್ಗಿತು. ಆಳೆತ್ತರಕ್ಕೆ ಬೆಳೆದಿದ್ದ ತೊಗರಿ ನಿಂತ ನೀರಲ್ಲಿ ಬೇರು ಕೊಳೆತು ಸತ್ತಿತು. ತೊಗರಿ ಬರ ತಡೆಯುವ ಬೆಳೆ, ಒಣ ಹವೆಗೆ ಹೊಂದಿಕೊಂಡು ಬಂದದ್ದು. ಬುಡದಲ್ಲಿ ನೀರು ನಿಂತರೆ ಅದು ಬದುಕುವುದಿಲ್ಲ. ಬಯಲುಸೀಮೆಯ ರೈತ ತಲೆಮಾರುಗಳಿಂದ ಬರಕ್ಕೆ ಸಿದ್ಧನಾಗಿದ್ದ. ಅವನ ಬೀಜ, ಬೇಸಾಯ, ಸಾಲದ ಲೆಕ್ಕ ಎಲ್ಲವೂ ಮಳೆ ಕಡಿಮೆಯಾಗುವ ಭಯದ ಮೇಲೆ ಕಟ್ಟಿದ್ದು. ಈಗ ಎರಡೂ ಕಡೆಯಿಂದ ಪೆಟ್ಟು.

ಅಣೆಕಟ್ಟೆ ನಡೆಸುವವರ ಇಕ್ಕಟ್ಟೂ ಸಣ್ಣದಲ್ಲ. ಜುಲೈನಲ್ಲಿ ತುಂಬಿಸಿಟ್ಟುಕೊಂಡರೆ ಆಗಸ್ಟ್‌ನ ಮಹಾಪೂರಕ್ಕೆ ಜಾಗವಿಲ್ಲ. ಖಾಲಿ ಇಟ್ಟು ಕಾದರೆ 2023ರಂಥ ಆಗಸ್ಟ್ ಬಂದು ಕಾಲುವೆ ಒಣಗುತ್ತದೆ. ಐದಾರು ದಿನ ಮೊದಲೇ ಬರುವ ಮುನ್ಸೂಚನೆ ಈಗ ಸಾಕಷ್ಟು ನಂಬಿಕೆಗೆ ಅರ್ಹವಾಗಿದೆ. ಅದನ್ನು ಆಧರಿಸಿ ಮೇಲಿನ ಮತ್ತು ಕೆಳಗಿನ ರಾಜ್ಯಗಳು ದಿನದಿನವೂ ಒಟ್ಟಿಗೆ ಗೇಟು ನಿರ್ವಹಿಸಬೇಕು. ಪ್ರವಾಹ ಬಂದ ಮೇಲೆ ಮಂತ್ರಿಗಳ ಸಭೆ ಕರೆಯುವ ಪದ್ಧತಿಯಿಂದ ಇದಾಗದು. ಕಾವೇರಿಯ ವಿಚಾರದಲ್ಲೂ ಅಷ್ಟೆ. ಕೊಳ್ಳದಲ್ಲಿ ವಾಡಿಕೆ ವರ್ಷಕ್ಕೆ 740 ಟಿಎಂಸಿ ಲಭ್ಯ ಎಂಬ ಅಂದಾಜಿನ ಮೇಲೆ ಹಂಚಿಕೆ ನಿಂತಿದೆ, ಜೂನ್‌ಗೆ 9.19, ಜುಲೈಗೆ 31.24, ಆಗಸ್ಟ್‌ಗೆ 45.95 ಎಂದು ತಿಂಗಳ ಪಟ್ಟಿಯೂ ಇದೆ. ಆಗಸ್ಟ್ ಪೂರ್ತಿ ಒಣಗಿಹೋದರೆ ಯಾರು ಎಷ್ಟು ಬಿಟ್ಟುಕೊಡಬೇಕು ಎಂಬುದಕ್ಕೆ ಎರಡೂ ಕಡೆ ಒಪ್ಪಿದ ಸಂಕಷ್ಟ ಸೂತ್ರ ಮಾತ್ರ ಇಲ್ಲ. ತೀರ್ಪಿನ ಹಂಚಿಕೆಗೆ ಹದಿನೈದು ವರ್ಷದ ಅವಧಿ. 2033ಕ್ಕೆ ಅದು ಮತ್ತೆ ಚರ್ಚೆಗೆ ಬರಲಿದೆ. ಆ ಹೊತ್ತಿಗೆ ನಮ್ಮ ವಕೀಲರ ಕೈಯಲ್ಲಿ ಒಟ್ಟು ಟಿಎಂಸಿಯ ಲೆಕ್ಕದ ಜೊತೆಗೆ ಮಳೆಯ ದಿನಗಳು, ಒಣ ಅವಧಿಗಳು, ತೋಡುಗಳ ಬೇಸಿಗೆ ಹರಿವು ಇವುಗಳ ದಾಖಲೆಯೂ ಇರಬೇಕು.

ಬಂದದ್ದನ್ನು ಹಿಡಿಯುವ ಬಗೆ

ಜೋರು ಮಳೆಯನ್ನು ಕೇಡು ಎಂದಷ್ಟೇ ನೋಡಬೇಕಾಗಿಲ್ಲ. ಗಟ್ಟಿಕಲ್ಲಿನ ದಖ್ಖನ್ ನೆಲದಲ್ಲಿ ಅಂತರ್ಜಲ ಚೆನ್ನಾಗಿ ಮರುಪೂರಣವಾಗುವುದು ದೊಡ್ಡ ಮಳೆಯ ವರ್ಷಗಳಲ್ಲೇ. ನೀರು ನಿಲ್ಲುವ ಜಾಗ ಇರಬೇಕಷ್ಟೆ. 2021ರ ನವೆಂಬರ್‌ನಲ್ಲಿ ಕೋಲಾರದ ಕೆರೆಗಳು ಎಷ್ಟೋ ವರ್ಷಗಳ ಮೇಲೆ ಕೋಡಿ ಬಿದ್ದವು. ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನಿಂದ ಬರುವ ಸಂಸ್ಕರಿತ ನೀರು ಹಲವು ಕೆರೆಗಳಲ್ಲಿ ಮೊದಲೇ ಇತ್ತು, ನಿಜ. ಆದರೂ ಸಾವಿರ ಅಡಿ ಕೊರೆದರೂ ದೂಳೇ ಬರುತ್ತಿದ್ದ ಜಿಲ್ಲೆಯಲ್ಲಿ ಕೊಳವೆಬಾವಿಗಳು ಮತ್ತೆ ಉಸಿರಾಡಿದ್ದನ್ನು ಅಲ್ಲಿನ ರೈತರು ಕಂಡರು. ಅದೇ ಮಳೆ ಬಲಿತ ರಾಗಿ ತೆನೆಯನ್ನು ಹೊಲದಲ್ಲೇ ಮೊಳಕೆಯೊಡೆಸಿತು ಎಂಬುದನ್ನೂ ಮರೆಯುವ ಹಾಗಿಲ್ಲ.

ರಾಜ್ಯದಲ್ಲಿ ಮೂವತ್ತಾರು ಸಾವಿರಕ್ಕೂ ಹೆಚ್ಚು ಕೆರೆಗಳಿವೆ. ಅನಿಶ್ಚಿತ ಮಳೆಗೆಂದೇ ಕಟ್ಟಿದವು ಇವು. ಮೇಲಿನ ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ, ಅಲ್ಲಿಂದ ಇನ್ನೂ ಕೆಳಗೆ. ತೂಬು ಎತ್ತಲು ನೀರುಗಂಟಿ, ಹೂಳು ತೆಗೆಯಲು ಊರಿನವರ ಸರದಿ. ಹೂಳೆತ್ತುವುದಕ್ಕೆ ಈಗ ಹಣ ಬರುತ್ತದೆ, ಏರಿಯ ಮೇಲೆ ನಡಿಗೆ ದಾರಿಯೂ ಬರುತ್ತದೆ. ಕೆರೆಗೆ ನೀರು ತರುವ ಕಾಲುವೆಗಳ ಒತ್ತುವರಿ ತೆರವು ಮಾತ್ರ ಆಗುವುದಿಲ್ಲ, ಏಕೆಂದರೆ ಅಲ್ಲಿ ಯಾರದೋ ಹೊಲ, ಯಾರದೋ ಲೇಔಟ್ ಇದೆ. ಕಾಲುವೆಯಿಲ್ಲದ ಕೆರೆ ಎಷ್ಟು ಆಳವಿದ್ದರೇನು? ಮೋಡ ಬಿತ್ತನೆಗೆ 2017ರ ವರ್ಷಧಾರೆಯಂಥ ಯೋಜನೆಗಳಲ್ಲಿ ವಿಮಾನ ಹಾರಿಸಿದ ಹಣ ಈ ಕಾಲುವೆಗಳಿಗೆ ಬಂದಿದ್ದರೆ ಎಂದು ಹಲವು ಬಾರಿ ಅನ್ನಿಸಿದ್ದಿದೆ.

ಅಳತೆಯ ವಿಷಯದಲ್ಲಿ ಕರ್ನಾಟಕ ಬಹಳ ರಾಜ್ಯಗಳಿಗಿಂತ ಮುಂದಿದೆ. 1988ರಲ್ಲಿ ಬರ ನಿಗಾ ಘಟಕವಾಗಿ ಶುರುವಾದ ಸಂಸ್ಥೆ ಇಂದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಗ್ರಾಮ ಪಂಚಾಯಿತಿಗಳಲ್ಲಿ ಆರು ಸಾವಿರಕ್ಕೂ ಹೆಚ್ಚು ಮಳೆಮಾಪಕಗಳಿವೆ. ಮಲೆನಾಡಿನಲ್ಲಿ ಅಡಿಕೆ, ಕಾಳುಮೆಣಸಿನ ಹವಾಮಾನ ಆಧಾರಿತ ವಿಮೆಯ ಪರಿಹಾರ ಇವುಗಳ ಅಂಕಿಯನ್ನೇ ನೆಚ್ಚಿದೆ. ಒಂದು ಮಾಪಕದ ಕೊಳವೆಗೆ ಎಲೆ ಕಟ್ಟಿಕೊಂಡು ಕೆಲಸ ನಿಲ್ಲಿಸಿದರೆ ಒಂದು ಪಂಚಾಯಿತಿಯ ಬೆಳೆಗಾರರ ವರ್ಷದ ನಷ್ಟ ದಾಖಲೆಯಿಂದಲೇ ಕಾಣೆಯಾಗುತ್ತದೆ. ಮಳೆ ಒಂದೇ ಕಣಿವೆಗೆ ಸುರಿದು ಪಕ್ಕದ ಕಣಿವೆಯನ್ನು ಬಿಟ್ಟುಹೋಗುವ ಈ ಕಾಲದಲ್ಲಿ, ಮಾಪಕ ನೋಡಿಕೊಳ್ಳಲು ಊರಲ್ಲೇ ಒಬ್ಬರಿಗೆ ಹೊಣೆ ಮತ್ತು ಸಂಬಳ ಕೊಡುವುದು ಏನೇನೂ ದುಬಾರಿಯಲ್ಲ.

ಹಳೆ ಮೈಸೂರಿನ ಮಳೆಯಾಶ್ರಿತ ಹೊಲಗಳಲ್ಲಿ ರಾಗಿಯ ನಡುವೆ ಅಕ್ಕಡಿ ಸಾಲು ಬಿಡುತ್ತಿದ್ದರು: ಅವರೆ, ತೊಗರಿ, ಹುಚ್ಚೆಳ್ಳು, ಒಂದೆರಡು ಸಾಲು ಜೋಳ. ಒಂದು ಮಳೆ ಕೈಕೊಟ್ಟರೆ ಒಂದು ಬೆಳೆ, ಇನ್ನೊಂದು ಹಿಡಿದುಕೊಂಡರೆ ಮತ್ತೊಂದು ಕೈಗೆ ಬರುತ್ತಿತ್ತು. ಈಗ ಹಲವು ಕಡೆ ರೈತರು ಇದಕ್ಕೆ ತಳಿಯ ಆಯ್ಕೆಯನ್ನೂ ಸೇರಿಸಿಕೊಂಡಿದ್ದಾರೆ. ಹದ ಮಳೆ ಜುಲೈನೊಳಗೆ ಬಂದರೆ ನಾಲ್ಕು ತಿಂಗಳ ಹತ್ತಿರ ಬೇಕಾಗುವ ಜಿಪಿಯು–28ರಂಥ ತಳಿ, ಆಗಸ್ಟ್‌ಗೆ ಜಾರಿದರೆ ನೂರು ದಿನದೊಳಗೆ ಕೊಯ್ಲಿಗೆ ಬರುವ ಜಿಪಿಯು–48ರಂಥದು. ಎರಡೂ ನಮ್ಮ ಕೃಷಿ ವಿಜ್ಞಾನಿಗಳೇ ಬೆಳೆಸಿಕೊಟ್ಟವು. ತೊಡಕು ಇರುವುದು ಬೀಜ ಸಿಗುವ ವೇಳೆಯಲ್ಲಿ. ರೈತ ಸಂಪರ್ಕ ಕೇಂದ್ರಗಳ ದಾಸ್ತಾನು ವಾಡಿಕೆ ಮುಂಗಾರಿನ ವೇಳಾಪಟ್ಟಿಯಂತೆ ಬಂದು, ಆಗಸ್ಟ್‌ನಲ್ಲಿ ಅಲ್ಪಾವಧಿ ತಳಿ ಕೇಳಿಕೊಂಡು ಹೋದವರು ಬರಿಗೈಲಿ ವಾಪಸಾಗುವಂತಾಗಬಾರದು. ಆ ಬೀಜ ಪ್ರತಿ ಹೋಬಳಿಯ ಕೇಂದ್ರದಲ್ಲಿ, ಮಳೆ ಹೇಗೇ ಇರಲಿ, ಜುಲೈ ಹದಿನೈದರೊಳಗೆ ಬಂದು ಕೂತಿರಬೇಕು.